ಕೈ ಎಲ್ಲಿ ಊರಬೇಕು: ದೇಹತೂಕದ ಕಸರತ್ತು ಶುರು ಮಾಡುವವರಿಗೆ

ಎಲ್ಲರಿಗೂ ನಮಸ್ಕಾರ.

ಪುಷ್-ಅಪ್, ಬಕಾಸನ (ಮೊಣಕಾಲನ್ನು ತೋಳಿಗಾನಿಸಿ ಅಂಗೈ ಮೇಲೆ ದೇಹ ತೂಗುವುದು), ಎಲ್-ಸಿಟ್ (ಕೈಯೂರಿ, ಮುಂದೆ ಚಾಚಿದ ಕಾಲುಸಮೇತ ದೇಹ ಎತ್ತಿ ಹಿಡಿಯುವುದು), ಗೋಡೆಗೆ ಕಾಲು ಕೊಟ್ಟು ಕೈ ಮೇಲೆ ತಲೆಕೆಳಗಾಗಿ ನಿಲ್ಲುವ ಹ್ಯಾಂಡ್‌ಸ್ಟ್ಯಾಂಡ್, ಪುಲ್-ಅಪ್. ಜಿಮ್ನಾಸ್ಟಿಕ್ಸ್ ಮಾದರಿಯ ಕಸರತ್ತನ್ನು ಮನೆಯಲ್ಲೇ ಶುರು ಮಾಡುವವರು ಕೇಳುವುದೆಲ್ಲ ಎದೆ, ತೋಳು, ಹೊಟ್ಟೆಯ ವಿಚಾರ. ಎರಡು ವಾರ ಕಳೆಯುವಷ್ಟರಲ್ಲಿ ನೋವು ಕಾಣಿಸಿಕೊಳ್ಳುವುದು ಮಾತ್ರ ಮಣಿಕಟ್ಟಿನಲ್ಲಿ. ಹಾಗಾಗಿ ಇವತ್ತು ಕೈಯ ಬಗ್ಗೆಯಷ್ಟೇ ಮಾತಾಡೋಣ. ನಾನು ಹೇಳಬೇಕಾದ್ದು ಒಂದೇ ಸೂತ್ರ: ಕೈ ಊರುವಾಗ ಭುಜ ಈಗ ಎಲ್ಲಿದೆ ಎಂದು ನೋಡಬೇಡಿ, ಭಾರ ಅತಿ ಹೆಚ್ಚಾಗುವ ಗಳಿಗೆಯಲ್ಲಿ ಭುಜ ಎಲ್ಲಿಗೆ ಹೋಗುತ್ತದೆ ಎಂದು ನೋಡಿ.

ಮೊದಲು ಭಾರದ ಲೆಕ್ಕ. 60 ಕೆಜಿ ತೂಗುವವರು ಪುಷ್-ಅಪ್‌ಗೆ ಕೈಯೂರಿದರೆ ಎರಡೂ ಕೈ ಸೇರಿ ಸುಮಾರು 40 ಕೆಜಿ ಹೊರುತ್ತವೆ. ಎದೆ ನೆಲದ ಹತ್ತಿರ ಇಳಿದಾಗ ಅದು ಇನ್ನೂ ಏರುತ್ತದೆ. ಮೊಣಕಾಲೂರಿ ಮಾಡಿದರೆ 30ರ ಆಸುಪಾಸು. ಹ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಅಷ್ಟೂ 60. ಇದನ್ನೆಲ್ಲ ಹೊರುವ ಮಣಿಕಟ್ಟಿನಲ್ಲಿ ಇರುವುದು ಎಂಟು ಪುಟ್ಟ ಮೂಳೆಗಳು. ಮುಂಗೈಯ ಎರಡು ಮೂಳೆಗಳ ಪೈಕಿ ಹೆಬ್ಬೆರಳ ಕಡೆಯದು, ಅಂದರೆ ರೇಡಿಯಸ್, ಭಾರದಲ್ಲಿ ನೂರಕ್ಕೆ ಸುಮಾರು 80 ಪಾಲು ಹೊರುತ್ತದೆ. ಕಿರುಬೆರಳ ಕಡೆಯ ಅಲ್ನಾಕ್ಕೆ ಉಳಿದ 20. ಆದರೆ ಹೊಸಬರ ಅಂಗೈ ಗಮನಿಸಿ: ಸುಸ್ತಾದಂತೆ ತೋರುಬೆರಳ ಬುಡ ನೆಲ ಬಿಟ್ಟು ಮೇಲೇಳುತ್ತದೆ, ಭಾರವೆಲ್ಲ ಕಿರುಬೆರಳ ಕಡೆಯ ಅಂಗೈ ಬುಡಕ್ಕೆ ಜಾರುತ್ತದೆ. ಅಲ್ಲಿರುವುದು ತೆಳುವಾದ ಮೆತ್ತೆಮೂಳೆ. ಬಾಗಿಲ ಹಿಡಿ ತಿರುಗಿಸುವಾಗ, ಬಟ್ಟೆ ಹಿಂಡುವಾಗ ಆ ಕಡೆ ಚುಳುಕ್ಕೆಂದರೆ ಕಾರಣ ಬಹುಮಟ್ಟಿಗೆ ಇದೇ.

ಇನ್ನು ಅಂಗೈ ಊರುವ ಕ್ರಮ. ಬೆರಳುಗಳನ್ನು ಅಗಲಿಸಿ, ಆದರೆ ಚರ್ಮ ಬಿಗಿಯುವಷ್ಟು ಬೇಡ. ತೋರುಬೆರಳು ನೇರ ಮುಂದಕ್ಕೆ ಇರಲಿ, ಇಲ್ಲವೇ ತುಸು ಹೊರಕ್ಕೆ ತಿರುಗಿರಲಿ. ಒಳಕ್ಕೆ ತಿರುಗುವುದು ಬೇಡ. ಬೆರಳು ಒಳಕ್ಕೆ ತಿರುಗಿದರೆ ಮೊಣಕೈ ಪಕ್ಕಕ್ಕೆ ಹಾರುತ್ತದೆ, ಭುಜದ ಕೀಲಿನ ಮುಂಭಾಗ ಇಕ್ಕಟ್ಟಾಗುತ್ತದೆ. ತೋರುಬೆರಳು ಮತ್ತು ಹೆಬ್ಬೆರಳ ಬುಡದ ಗಿಣ್ಣುಗಳನ್ನು ನೆಲಕ್ಕೆ ಒತ್ತಿ. ಆಮೇಲೆ ಬೆರಳ ತುದಿಗಳಿಂದ ನೆಲವನ್ನು ಪರಚುವವರಂತೆ ಹಿಡಿಯಿರಿ. ಬೆರಳಿನ ನಡುಗಿಣ್ಣು ಸ್ವಲ್ಪ ಮೇಲೇಳಬೇಕು, ಉಗುರಿನ ತುದಿ ಬೆಳ್ಳಗಾಗಬೇಕು. ಹೀಗೆ ಮಾಡಿದಾಗ ಮುಂಗೈ ಒಳಭಾಗದ ಸ್ನಾಯುಗಳು ಬಿಗಿದು, ಮಣಿಕಟ್ಟು ಬರೀ ಮೂಳೆಗಳನ್ನು ಬಿಗಿದಿಡುವ ಕಟ್ಟುಗಳ ಮೇಲೆ ಜೋತುಬೀಳುವುದು ತಪ್ಪುತ್ತದೆ. ದೇಹ ಮುಂದಕ್ಕೆ ವಾಲಿದಾಗ ತಡೆಯುವ ಬ್ರೇಕ್ ಕೂಡ ಈ ಬೆರಳ ತುದಿಗಳೇ.

ಪುಷ್-ಅಪ್‌ನಲ್ಲಿ ಹೆಚ್ಚಿನವರು ಮೇಲಿನ ಭಂಗಿಯಲ್ಲಿ ಕೈ ಇಟ್ಟು, ಆಮೇಲೆ ಇಳಿಯುತ್ತಾರೆ. ಮೇಲಿದ್ದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ತಪ್ಪು ಕೆಳಗೆ ಹೋದಾಗ ಹೊರಬೀಳುತ್ತದೆ. ಅದಕ್ಕೇ ಕೆಳಗಿನಿಂದ ಶುರು ಮಾಡಿ. ಬೋರಲು ಮಲಗಿ. ಎದೆಯ ಪಕ್ಕದಲ್ಲಿ, ಮೊಲೆತೊಟ್ಟಿನ ಸಾಲಿಗೆ ಅಥವಾ ಎರಡು ಬೆರಳು ಕೆಳಗೆ ಅಂಗೈ ಊರಿ. ಪಕ್ಕದಿಂದ ನೋಡಿದರೂ ಹಿಂದಿನಿಂದ ನೋಡಿದರೂ ಮುಂಗೈ ನೆಟ್ಟಗೆ, ಮೊಣಕೈ ಮಣಿಕಟ್ಟಿನ ನೇರ ಮೇಲೆ ಇರಬೇಕು. ತೋಳು ಮತ್ತು ಪಕ್ಕೆಯ ನಡುವೆ 30ರಿಂದ 45 ಡಿಗ್ರಿ ಸಾಕು. ಈಗ ಕೈ ಕದಲಿಸದೆ ಮೇಲೇಳಿ. ಅಂಗೈ ಭುಜಕ್ಕಿಂತ ತುಸು ಅಗಲದಲ್ಲಿರುವುದನ್ನು ಕಾಣುತ್ತೀರಿ. ಅದೇ ನಿಮ್ಮ ಜಾಗ, ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಕೈ ಕಿವಿಯ ಸಾಲಿಗೆ ಮುಂದೆ ಹೋದರೆ ಮೊಣಕೈ ಮಣಿಕಟ್ಟಿಗಿಂತ ಹಿಂದೆ ಬಿದ್ದು ಭುಜ ಎಳೆದಂತಾಗುತ್ತದೆ. ಸೊಂಟದ ಕಡೆ ಹಿಂದೆ ಬಂದರೆ ಮಣಿಕಟ್ಟು ವಿಪರೀತ ಮಡಚುತ್ತದೆ. ಮೇಲೆ ಬಂದಾಗ ಮೊಣಕೈ ಹಿಂದಕ್ಕೆ ಬಾಗುವವರು ಪೂರ್ತಿ ಲಾಕ್ ಮಾಡದೆ ಕೂದಲೆಳೆಯಷ್ಟು ಮಡಚಿ ನಿಲ್ಲಿಸಿ.

ನೆಲದ ಮೇಲೆ ಐದು ಸಲವೂ ಸರಿಯಾಗಿ ಆಗದಿದ್ದರೆ ಅಡುಗೆಮನೆಯ ಕಟ್ಟೆ ಅಥವಾ ಗಟ್ಟಿ ಮೇಜಿನ ಅಂಚು ಹಿಡಿಯಿರಿ. ಭಾರ ಕಡಿಮೆಯಾಗುತ್ತದೆ, ಅಂಚನ್ನು ಹಿಡಿಯುವುದರಿಂದ ಮಣಿಕಟ್ಟಿನ ಮಡಿಕೆಯೂ ಕಡಿಮೆ. ಗೋಡೆಗೆ ಅಂಗೈ ಒತ್ತಿ ಮಾಡಿದರೆ ಭಾರ ಇಳಿಯುತ್ತದೆಯೇ ಹೊರತು ಮಣಿಕಟ್ಟು ಮಡಚುವುದು ಹೆಚ್ಚುಕಡಿಮೆ ನೆಲದಲ್ಲಿ ಮಡಚಿದಷ್ಟೇ.

ಈಗ ಹೊಸಬರು ಹೆಚ್ಚು ಎಡವುವ ಜಾಗಕ್ಕೆ ಬರೋಣ: ಮುಂದಕ್ಕೆ ವಾಲುವ ಕಸರತ್ತುಗಳು. ಮೊಬೈಲಿನಲ್ಲಿ ಪ್ಲಾಂಚ್ (ಕಾಲು ನೆಲಕ್ಕೆ ತಾಗಿಸದೆ, ಕೈಗಳ ಮೇಲಷ್ಟೇ ದೇಹವನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಯುವುದು) ನೋಡಿ ಮರುದಿನವೇ ಭುಜ ಮುಂದೆ ತಳ್ಳುವವರು ಬಹಳ. ಸ್ವಲ್ಪ ಲೆಕ್ಕ ಹಾಕಿ. ಕೈ ನೇರವಾಗಿ ಭುಜದ ಕೆಳಗಿದ್ದರೆ ಮಣಿಕಟ್ಟು 90 ಡಿಗ್ರಿ ಮಡಚಿರುತ್ತದೆ. ತೋಳಿನ ಉದ್ದ 55 ಸೆಂಟಿಮೀಟರ್ ಇರುವವರು ಭುಜವನ್ನು 10 ಸೆಂಟಿಮೀಟರ್ ಮುಂದೆ ತಂದರೆ ಇನ್ನೊಂದು 10 ಡಿಗ್ರಿ ಸೇರಿ 100 ಆಗುತ್ತದೆ. ಯಾವ ಒತ್ತಡವೂ ಇಲ್ಲದೆ ಹೆಚ್ಚಿನವರ ಕೈ ತಾನಾಗಿ ಹಿಂದಕ್ಕೆ ಮಡಚುವುದು 70 ಡಿಗ್ರಿ ಹತ್ತಿರ. ನಡುವಿನ ಅಂತರವನ್ನು ಭಾರವೇ ಬಲವಂತವಾಗಿ ಮಡಚುತ್ತದೆ. ಅಂಗೈಯ ಹಿಂಭಾಗದಲ್ಲಿ, ಮಣಿಕಟ್ಟಿನ ನಡುವೆ ಒತ್ತಿ ಹಿಡಿದಂಥ ನೋವು ಹುಟ್ಟುವುದು ಹೀಗೆ. ಅಂಥ ಕಸರತ್ತಿಗೆ ಬೆರಳುಗಳನ್ನು 30ರಿಂದ 45 ಡಿಗ್ರಿ ಹೊರಕ್ಕೆ ತಿರುಗಿಸಿ, ಅಥವಾ ಪ್ಯಾರಲೆಟ್, ಅಂದರೆ ನೆಲದ ಮೇಲಿಡುವ ಗಿಡ್ಡ ಹಿಡಿಕೋಲುಗಳ ಜೋಡಿ, ಬಳಸಿ. ಮೊದಲ ತಿಂಗಳು ಭುಜ ಎರಡು ಬೆರಳಿನಷ್ಟು ಮುಂದೆ ಬಂದರೆ ಸಾಕು.

ಬಕಾಸನದಲ್ಲೂ ಇದೇ ನ್ಯಾಯ. ಮೊಣಕೈ ಮಡಚಿ ಭುಜ ಬೆರಳುಗಳ ಮೇಲೆ ಬರುವವರೆಗೂ ಕಾಲು ನೆಲ ಬಿಡುವುದಿಲ್ಲ, ಆದ್ದರಿಂದ ಕೈ ಭುಜದಷ್ಟೇ ಅಗಲವಿರಲಿ, ಮೊಣಕೈ ಹಿಂದಕ್ಕೆ ನೋಡಲಿ, ಮುಂದೆ ಒಂದು ದಿಂಬಿರಲಿ. ಎಲ್-ಸಿಟ್‌ನಲ್ಲಿ ಅಂಗೈ ಸೊಂಟದ ಪಕ್ಕ, ತೊಡೆಯ ನಡುಭಾಗದ ಕಡೆ ತುಸು ಮುಂದೆ. ಸೊಂಟಕ್ಕಿಂತ ಹಿಂದೆ ಕೈಯಿಟ್ಟರೆ ಕಾಲಿನ ಭಾರ ಮುಂದಕ್ಕೆಳೆದು ಕಾಲು ಮೇಲೇಳುವುದೇ ಇಲ್ಲ.

ಗೋಡೆಯ ಹ್ಯಾಂಡ್‌ಸ್ಟ್ಯಾಂಡ್‌ಗೆ ಬೆನ್ನು ಗೋಡೆಯ ಕಡೆಗಿದ್ದರೆ ಬೆರಳ ತುದಿ ಗೋಡೆಯಿಂದ ಒಂದು ಗೇಣು ದೂರ. ಎರಡು ಗೇಣು ಬಿಟ್ಟರೆ ನಡು ಬಾಳೆಹಣ್ಣಿನ ಹಾಗೆ ಬಾಗುತ್ತದೆ, ತೋಳು ಮತ್ತು ಮೈ ಒಂದೇ ಗೆರೆಯಲ್ಲಿ ಉಳಿಯದೆ ಭುಜ ಮುಚ್ಚಿಕೊಳ್ಳುತ್ತದೆ. ಹೊಟ್ಟೆ ಗೋಡೆಯ ಕಡೆಗಿಟ್ಟು ಕಾಲು ನಡೆಸುತ್ತ ಮೇಲೇರುವವರು ಮೊದಮೊದಲು ಕೈ ಗೋಡೆಯಿಂದ ಒಂದು ಮೊಳ ದೂರವಿರುವಾಗಲೇ ನಿಲ್ಲಿಸಿ. ಅಲ್ಲಿಂದ ಕೈ ಮುಂದೆ ನಡೆಸಿಕೊಂಡು ಇಳಿಯುವಷ್ಟು ಕಸುವು ಉಳಿದಿರಬೇಕು. ಹತ್ತುವ ಮೊದಲು ಬೀಳುವುದನ್ನು ಕಲಿಯಿರಿ: ಒಂದು ಅಂಗೈಯನ್ನು ಅರ್ಧ ಅಡಿ ಮುಂದಿಟ್ಟು, ಸೊಂಟ ತಿರುಗಿಸಿ, ಕಾಲುಗಳನ್ನು ಪಕ್ಕಕ್ಕೆ ಇಳಿಸುವುದು. ಇದು ಎರಡೂ ಬದಿಗೆ ಬರಬೇಕು.

ಹಿಡಿಕೆಯ ವಿಷಯದಲ್ಲಿ ಒಂದು ಗೊಂದಲವಿದೆ. ಪ್ಯಾರಲೆಟ್ ಅಥವಾ ಪುಷ್-ಅಪ್ ಹಿಡಿಯ ಮೇಲೆ ಊರುವಾಗ ಕೋಲು ಅಂಗೈ ಬುಡದಡಿ, ಮುಂಗೈ ಮೂಳೆಯ ನೇರಕ್ಕೆ ಇರಬೇಕು. ಬೆರಳ ಕಡೆಗೆ ಜಾರಿದರೆ ಮಣಿಕಟ್ಟು ಹಿಂದಕ್ಕೆ ಮುರಿದುಕೊಳ್ಳುತ್ತದೆ. ಬಾರ್‌ಗೆ ಜೋತುಬೀಳುವಾಗ ಇದಕ್ಕೆ ಪೂರ್ತಿ ಉಲ್ಟಾ: ಕೋಲು ಬೆರಳುಗಳ ಬುಡದ ಗೆರೆಯಲ್ಲೇ ಕೂರಬೇಕು. ಅಂಗೈ ನಡುವೆ ಇಟ್ಟು ಜೋತುಬಿದ್ದರೆ ದೇಹ ಕೆಳಗೆಳೆದಂತೆ ಚರ್ಮ ಮಡಿಕೆಯಾಗಿ, ಬೊಬ್ಬೆ ಬಂದು, ಜಡ್ಡುಗಟ್ಟಿದ ಜಾಗ ಕಿತ್ತುಬರುತ್ತದೆ. ಹೆಬ್ಬೆರಳು ಕೋಲನ್ನು ಸುತ್ತಿರಲಿ. ಸ್ಪರ್ಧೆಯ ಹೈ ಬಾರ್‌ನ ದಪ್ಪ 28 ಮಿಲಿಮೀಟರ್. ಪಾರ್ಕುಗಳ ಪೈಪು ಹಲವು ಕಡೆ ಅದಕ್ಕಿಂತ ದಪ್ಪ, ಹೆಬ್ಬೆರಳು ತೋರುಬೆರಳನ್ನು ಮುಟ್ಟದಿದ್ದರೆ ಅಲ್ಲಿ ತೂಗಾಡುವುದು ಬೇಡ. ಬೆವರಿಗೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಬಳಸಿ. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಹಚ್ಚಿದರೆ ಕೈ ಇನ್ನಷ್ಟು ಜಾರುತ್ತದೆ. ರಂಗೋಲಿ ಪುಡಿ ಕಲ್ಲಿನ ಪುಡಿ, ಚರ್ಮ ಉಜ್ಜಿಹೋಗುತ್ತದೆ.

ದುಂಡನೆಯ ಡಂಬೆಲ್ ಮೇಲೆ ಕೈಯೂರಬೇಡಿ, ಉರುಳುತ್ತದೆ. ಆರು ಮೂಲೆಯದಾದರೆ ಪರವಾಗಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಡಿಪ್ಸ್ (ಕೈಯೂರಿ, ಮೊಣಕೈ ಮಡಚಿ ದೇಹ ಇಳಿಸಿ ಏರಿಸುವುದು) ಬೇಡವೇ ಬೇಡ. ಪಾಲಿಶ್ ಗ್ರಾನೈಟ್ ಮೇಲೆ ಹಾಸಿದ ತೆಳು ಯೋಗ ಮ್ಯಾಟ್ ಮ್ಯಾಟ್‌ಸಮೇತ ಜಾರುತ್ತದೆ. ದಪ್ಪ ಫೋಮ್‌ನಲ್ಲಿ ಅಂಗೈ ಬುಡ ಹೂತು ಮಣಿಕಟ್ಟು ಮತ್ತಷ್ಟು ಮಡಚುತ್ತದೆ. ಗಾರೆ ನೆಲ, ಮರದ ಹಲಗೆ, ಒರಟು ಟೈಲ್ಸ್ ಒಳ್ಳೆಯದು.

ಶುರುವಿಗೆ ಐದು ನಿಮಿಷ ಮಣಿಕಟ್ಟಿಗೆ ಕೊಡಿ. ಅಂಬೆಗಾಲಿನಲ್ಲಿ ಕೂತು, ಅಂಗೈಯೂರಿ ಮುಂದೆ ಹಿಂದೆ 10 ಸಲ ತೂಗಿ. ಬೆರಳು ಹೊರಕ್ಕೆ ತಿರುಗಿಸಿ 10. ಬೆರಳು ಮೊಣಕಾಲ ಕಡೆಗಿಟ್ಟು 10. ಆಮೇಲೆ ಬೆರಳು ನೆಲದಲ್ಲೇ ಇದ್ದು ಅಂಗೈ ಬುಡ ಮಾತ್ರ ಎತ್ತುವುದು, 10ರಿಂದ 15. ಕೊನೆಯದನ್ನು ಬಿಡಬೇಡಿ, ಬೆರಳಿಗೆ ಬ್ರೇಕಿನ ಬಲ ಬರುವುದು ಅದರಿಂದಲೇ.

ಮುಂಗೈ ಸ್ನಾಯು ಸುಸ್ತಾಗಿ ನೋಯುವುದು ಸಹಜ. ಕೀಲಿನೊಳಗೆ ಚುಚ್ಚುವ ನೋವು, ಬೆರಳು ಜೋಮು ಹಿಡಿಯುವುದು ಸಹಜವಲ್ಲ. ಅಂದು ಅಲ್ಲಿಗೇ ನಿಲ್ಲಿಸಿ. ಬೆಳೆಯುವ ಮಕ್ಕಳಲ್ಲಿ ರೇಡಿಯಸ್‌ನ ತುದಿಯ ಬೆಳವಣಿಗೆ ಪದರ ಇನ್ನೂ ಮೆತ್ತಗಿರುವುದರಿಂದ, ಮಣಿಕಟ್ಟು ನೋವೆಂದ ಮಗುವಿಗೆ ಕೈಯೂರುವ ಕಸರತ್ತನ್ನು ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಕೈಚಾಚಿ ಬಿದ್ದ ಮೇಲೆ ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಮೂಡುವ ಗುಳಿಯನ್ನು ಒತ್ತಿ ನೋಡಿ. ಅಲ್ಲಿ ನೋವಿದ್ದರೆ ಊತ ಇಲ್ಲದಿದ್ದರೂ ಎಕ್ಸ್-ರೇ ಬೇಕು. ಆ ಜಾಗದ ಸ್ಕೇಫಾಯ್ಡ್ ಮೂಳೆಯ ಬಿರುಕು ಮೊದಲ ಎಕ್ಸ್-ರೇಯಲ್ಲಿ ಕಾಣದೆ ಹೋಗುವುದುಂಟು. ಆದ್ದರಿಂದ ನೋವು ಹಾಗೇ ಇದ್ದರೆ ವೈದ್ಯರು ಹೇಳಿದ ದಿನಕ್ಕೆ ಎರಡನೇ ಸಲ ಹೋಗಿ, ಅಲ್ಲಿಯವರೆಗೆ ಆ ಕೈ ಊರಬೇಡಿ.