ಪತ್ರ ಹೋದದ್ದು ದೋಣಿ ಮಾರಿದವರಿಗೆ

ದೋಣಿಯಲ್ಲಿ ದೋಷವಿದೆ, ದುರಸ್ತಿ ಮಾಡಿಕೊಡುತ್ತೇವೆ ಎಂದು ತಯಾರಕರು ಬರೆದ ಆ ಪತ್ರ ನನಗೆ ಬರಲೇ ಇಲ್ಲ. ಹೋದದ್ದು ನನಗೆ ದೋಣಿ ಮಾರಿದವರಿಗೆ. ಅವರು ಲಕೋಟೆ ಒಡೆದರು, ಓದಿದರು, ‘ದೋಣಿಯೇ ನನ್ನ ಬಳಿ ಇಲ್ಲವಲ್ಲ’ ಎಂದುಕೊಂಡು ಮಡಚಿ ಎಲ್ಲೋ ಇಟ್ಟರು. ಇತ್ತ ನಾನು ಅದೇ ದೋಣಿಯಲ್ಲಿ ಹೆಂಡತಿಯನ್ನು, ಮಕ್ಕಳನ್ನು, ಮಕ್ಕಳ ಗೆಳೆಯರನ್ನು ಕೂರಿಸಿಕೊಂಡು ಎರಡು ವರ್ಷ ನೀರಿನ ಮೇಲೆ ತಿರುಗಿದೆ.

ವಿಷಯ ತಿಳಿದದ್ದು ಹೇಗೆ ಗೊತ್ತೇ? ಎಂಜಿನ್ ಆಯಿಲ್ ಬದಲಾಯಿಸಲು ಬಂದ ಮೆಕ್ಯಾನಿಕ್ ಮುಚ್ಚಳ ಎತ್ತಿ, ಟಾರ್ಚ್ ಬಿಟ್ಟು, “ಈ ಪೈಪ್ ಇನ್ನೂ ಹಳೆಯದೇ ಇದೆಯಲ್ಲ ಸರ್, ಕಂಪನಿಯವರು ಬದಲಾಯಿಸಿಕೊಡಲಿಲ್ಲವೇ?” ಎಂದು ಕೇಳಿದ. ಯಾವ ಪೈಪ್? ಏಕೆ ಬದಲಾಯಿಸಬೇಕು? ನನಗೆ ಒಂದೂ ತಿಳಿಯದು. ಪೆಟ್ರೋಲ್ ತುಂಬುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ದಪ್ಪ ರಬ್ಬರ್ ಪೈಪನ್ನು ಒಂದು ಲೋಹದ ಪಟ್ಟಿಯ ಅಂಚಿಗೆ ತಾಗುವಂತೆ ಕಾರ್ಖಾನೆಯಲ್ಲೇ ಜೋಡಿಸಿಬಿಟ್ಟಿದ್ದರು. ದೋಣಿ ಅಲೆಗೆ ಕುಣಿದಾಗಲೆಲ್ಲ ಪೈಪ್ ಆ ಅಂಚಿಗೆ ಉಜ್ಜುತ್ತದೆ. ನಮ್ಮದು ಅರ್ಧದಷ್ಟು ಸವೆದಿತ್ತು. ಅವನು ಬೆರಳಿಟ್ಟು ತೋರಿಸಿದ ಆ ಗೀರನ್ನು ನಾನು ಈಗಲೂ ಮರೆತಿಲ್ಲ.

ಹಳೆಯ ಮಾಲೀಕರಿಗೆ ಫೋನ್ ಮಾಡಿದೆ. “ಓ, ಆ ಪತ್ರವೇ? ಬಂದಿತ್ತು, ಬಂದಿತ್ತು. ಅಷ್ಟು ಹೊತ್ತಿಗೆ ದೋಣಿ ನಿಮಗೆ ಕೊಟ್ಟಾಗಿತ್ತಲ್ಲ” ಎಂದರು. ಕೆಟ್ಟ ಮನುಷ್ಯರಲ್ಲ. ದೋಣಿ ಕೊಡುವಾಗ ಲಂಗರು, ಹಗ್ಗ, ಎರಡು ಹುಟ್ಟು ಎಲ್ಲವನ್ನೂ ಪುಕ್ಕಟೆಯಾಗಿ ಕೊಟ್ಟವರು. ಒಂದು ಕಾಗದವನ್ನು ದಾಟಿಸಬೇಕೆಂದು ಹೊಳೆಯಲಿಲ್ಲ, ಅಷ್ಟೆ.

ಇವತ್ತು ಈ ವಿಡಿಯೊದಲ್ಲಿ ನಾನು ಜಗಳ ತೆಗೆಯುತ್ತಿರುವುದು ಇದೇ ವಿಷಯಕ್ಕೆ. ಸುರಕ್ಷತಾ ರೀಕಾಲ್, ಅಂದರೆ ತಯಾರಕರು ತಮ್ಮ ದೋಷವನ್ನು ಒಪ್ಪಿಕೊಂಡು ದುರಸ್ತಿಗೆ ಕರೆಯುವ ವ್ಯವಸ್ಥೆ, ಹುಡುಕುವುದು ಒಂದು ವಿಳಾಸವನ್ನು, ದೋಣಿಯನ್ನಲ್ಲ. ಆ ವಿಳಾಸದಲ್ಲಿ ದೋಣಿ ಇದ್ದರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ಕಂಪನಿ ಪತ್ರ ಬರೆದ ಲೆಕ್ಕವೂ ಸರಿಹೋಗುತ್ತದೆ, ನಿಮ್ಮ ಪೈಪ್ ಸವೆಯುವುದೂ ಮುಂದುವರಿಯುತ್ತದೆ.

ಅಮೆರಿಕದ ಕಾನೂನನ್ನೇ ನೋಡಿ. ಅಲ್ಲಿ ವಿಹಾರದ ದೋಣಿಗಳ ಸುರಕ್ಷತೆಗೆಂದೇ 1971ರಲ್ಲಿ ಒಂದು ಕಾಯಿದೆ ಬಂತು. ಅದರ ಮೇಲುಸ್ತುವಾರಿ ಕರಾವಳಿ ಕಾವಲು ಪಡೆಯದು. ದೋಷ ಏನು, ಅದರಿಂದ ಆಗಬಹುದಾದ ಅಪಾಯ ಎಷ್ಟು, ಸರಿಪಡಿಸುವುದು ಹೇಗೆ, ಖರ್ಚು ತಯಾರಕರದ್ದೇ ಎಂಬ ಮಾತು, ಇಷ್ಟೂ ಪತ್ರದಲ್ಲಿ ಇರಲೇಬೇಕು. ಬಹಳ ಚೆನ್ನಾಗಿದೆ. ಪತ್ರ ಯಾರಿಗೆ? ಮೊದಲು ಕೊಂಡವರಿಗೆ. ಅವರಿಂದ ಕೊಂಡವರಿಗೆ? ವಾರಂಟಿ ಅವರ ಹೆಸರಿಗೆ ವರ್ಗವಾಗಿದ್ದು, ಅದು ತಯಾರಕರಿಗೆ ಗೊತ್ತಿದ್ದರೆ. ಈ ‘ಗೊತ್ತಿದ್ದರೆ’ ಎಂಬಂಥ ಸಂದಿಯಲ್ಲೇ ನನ್ನ ಎರಡು ವರ್ಷ ಜಾರಿಹೋದದ್ದು. ಇನ್ನೊಂದು ಮಾತು: ಅಲ್ಲಿ ಈ ಹೊಣೆ ದೋಣಿ ತಯಾರಾದ 10 ವರ್ಷಗಳವರೆಗೆ ಮಾತ್ರ. ಫೈಬರ್ ಗ್ಲಾಸ್ ಒಡಲು 10 ವರ್ಷಕ್ಕೆ ಮುದಿಯಾಗುವುದಿಲ್ಲ. ಮೂರನೆಯವರ, ನಾಲ್ಕನೆಯವರ ಕೈಗೆ ಹೋಗಿ ಇನ್ನೂ ಇಪ್ಪತ್ತು ವರ್ಷ ತೇಲುತ್ತದೆ. ಕೈ ಬದಲಾದಾಗಲೆಲ್ಲ ಕಾರ್ಖಾನೆಯ ಪಟ್ಟಿಯಲ್ಲಿರುವ ಹೆಸರು ಮಾತ್ರ ಹಳೆಯದೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತೇವಲ್ಲ, ಇಲ್ಲಿ ಹಂಗು ಹರಿದುಕೊಳ್ಳುವವನು ಅಂಬಿಗನೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೆಕ್ಯಾನಿಕ್ ಹೇಳಿದ ಮೊದಲ ಕ್ಷಣದಲ್ಲಿ ನನಗೆ ಬಂದ ಯೋಚನೆ ಏನು? ‘ಎರಡು ವರ್ಷ ಏನೂ ಆಗಲಿಲ್ಲವಲ್ಲ.’ ನಾಚಿಕೆಯಾಗುತ್ತದೆ, ಆದರೆ ನಿಜ. ಸವೆಯುವ ವಸ್ತುವಿನ ವಿಷಯದಲ್ಲಿ ಇದಕ್ಕಿಂತ ಪೊಳ್ಳು ವಾದ ಇನ್ನೊಂದಿಲ್ಲ. ಏನೂ ಆಗದ ಒಂದೊಂದು ದಿನವೂ ಆ ಪೈಪನ್ನು ಒಂದೊಂದು ಪದರ ತೆಳ್ಳಗೆ ಮಾಡಿದೆ. ಎರಡನೆಯ ಯೋಚನೆ: ‘ನಾನು ಪ್ರತಿ ಸಲವೂ ಬ್ಲೋವರ್, ಅಂದರೆ ತಳದ ಗಾಳಿಯನ್ನು ಹೊರಹಾಕುವ ಫ್ಯಾನ್, ಹಾಕಿಯೇ ಎಂಜಿನ್ ಶುರು ಮಾಡುತ್ತೇನಲ್ಲ.’

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ದೋಣಿಗೂ ಕಾರಿಗೂ ಇರುವ ವ್ಯತ್ಯಾಸ ಪೂರ್ತಿ ಇಲ್ಲೇ ಇದೆ. ಕಾರಿನ ಕೆಳಗೆ ಪೆಟ್ರೋಲ್ ಸೋರಿದರೆ ರಸ್ತೆಗೆ ಬೀಳುತ್ತದೆ, ಗಾಳಿ ಹೊತ್ತೊಯ್ಯುತ್ತದೆ. ದೋಣಿಯ ತಳ ಬೋಗುಣಿ ಇದ್ದಂತೆ. ನೀರು ಒಳಗೆ ಬರದಂತೆ ಕಟ್ಟಿದ್ದು ಪೆಟ್ರೋಲ್ ಆವಿಯನ್ನು ಹೊರಗೂ ಬಿಡುವುದಿಲ್ಲ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇಳದೆ ತಳದಲ್ಲಿ, ಬಿಲ್ಜ್ ಎನ್ನುವ ಆ ತಗ್ಗಿನಲ್ಲಿ, ನೀರಿನಂತೆ ಹರಿದು ಮಡುಗಟ್ಟುತ್ತದೆ. ಮೇಲೆ ಕುಳಿತವರ ಮೂಗಿಗೆ ಬಡಿಯದೆಯೂ ಇರಬಹುದು. ಗಾಳಿಯಲ್ಲಿ ಶೇಕಡಾ ಒಂದೂವರೆಯಷ್ಟು ಆವಿ ಬೆರೆತರೆ ಸಾಕು, ಒಂದು ಕಿಡಿಗಾಗಿ ಕಾದು ಕೂರುತ್ತದೆ. ಎಂಜಿನ್ ಒಡಲೊಳಗೇ ಇರುವ ನಮ್ಮಂಥ ದೋಣಿಗಳಲ್ಲಿ ಶುರು ಮಾಡುವ ಮೊದಲು 4 ನಿಮಿಷ ಬ್ಲೋವರ್ ಹಾಕಿ ಎಂದು ಎಚ್ಚರಿಕೆಯ ಚೀಟಿ ಅಂಟಿಸಿರುವುದು ಅದಕ್ಕೇ. ಆದರೆ ಬ್ಲೋವರ್ ಹೊರಹಾಕುವುದು ಆವಿಯನ್ನು. ತೂತಾದ ಪೈಪಿನಿಂದ ತಳಕ್ಕೆ ಇಳಿದ ಪೆಟ್ರೋಲ್ ಅಲ್ಲೇ ಇದ್ದು ಮತ್ತೆ ಮತ್ತೆ ಆವಿಯಾಗುತ್ತಲೇ ಇರುತ್ತದೆ. ನನ್ನ ಪೈಪ್ ತುಂಬುವ ಪೈಪ್. ಅಂದರೆ ಸೋರುವುದು ಯಾವಾಗ? ಟ್ಯಾಂಕ್ ತುಂಬಿಸುವಾಗ. ತುಂಬಿಸಿದ ಕೂಡಲೇ ಏನು ಮಾಡುತ್ತೇವೆ? ಎಲ್ಲರನ್ನೂ ಹತ್ತಿಸಿಕೊಂಡು ಕೀಲಿ ತಿರುಗಿಸುತ್ತೇವೆ.

ಆ ಪತ್ರವನ್ನು ಕೊನೆಗೂ ತರಿಸಿ ಓದಿದೆ. ‘ಕೆಲವು ಸಂದರ್ಭಗಳಲ್ಲಿ ಇಂಧನ ಸೋರಿಕೆಯಾಗುವ ಸಾಧ್ಯತೆ ಇದ್ದು, ಅದು ಬೆಂಕಿಗೆ ಕಾರಣವಾಗಬಹುದು’ ಎಂಬ ಧಾಟಿ. ಎಷ್ಟು ಮೆತ್ತಗೆ! ವಕೀಲರು ಹತ್ತು ಸಲ ತಿದ್ದಿದ ವಾಕ್ಯ ಹೇಗಿರುತ್ತದೋ ಹಾಗೇ. ನನ್ನ ಸಲಹೆ: ಇಂಥ ಪತ್ರ ಓದುವಾಗ ‘ಕೆಲವು’, ‘ಸಾಧ್ಯತೆ’, ‘ಬಹುದು’ ಎಂಬ ಪದಗಳ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿ, ಉಳಿದದ್ದನ್ನು ಓದಿ. ‘ಇಂಧನ, ಸೋರಿಕೆ, ಬೆಂಕಿ.’ ಇಷ್ಟೇ ವಿಷಯ. ಸ್ಟೀರಿಂಗ್ ಕೇಬಲ್‌ನ ರೀಕಾಲ್ ಆದರೆ ‘ವೇಗದಲ್ಲಿದ್ದಾಗ ತಿರುಗದು.’ ಕಿಲ್ ಸ್ವಿಚ್‌ನದ್ದಾದರೆ ‘ಚಾಲಕ ನೀರಿಗೆ ಬಿದ್ದರೂ ಎಂಜಿನ್ ನಿಲ್ಲದು.’ ಚಾಲಕನಿಲ್ಲದ ದೋಣಿ ನೇರವಾಗಿ ಹೋಗಿಬಿಡುವುದಿಲ್ಲ ಎಂಬುದು ನಿಮಗೆ ಗೊತ್ತಿರಲಿ. ಪ್ರೊಪೆಲ್ಲರ್ ಎಳೆತಕ್ಕೆ ಒಂದು ಬದಿಗೆ ತಿರುಗಿ, ಸುತ್ತು ಹೊಡೆದು, ಬಿದ್ದವನ ಮೇಲೆಯೇ ಮತ್ತೆ ಬರುತ್ತದೆ.

ಹಾಗಾದರೆ ದುರಸ್ತಿಯಾಗುವವರೆಗೆ? ದೋಣಿ ದಡದಲ್ಲೇ ಇರಲಿ. ‘ಇದೊಂದು ಭಾನುವಾರ’ ಎಂಬ ರಿಯಾಯಿತಿ ಬೇಡ. ನಾನು ಇದನ್ನು ಕಟುವಾಗಿ ಹೇಳುವುದಕ್ಕೆ ಕಾರಣವಿದೆ. ನನ್ನ ದೋಣಿ, ನನ್ನ ಜೀವ, ನನ್ನ ಇಷ್ಟ ಎನ್ನುವವರು ಬಹಳ ಮಂದಿ. ಸರಿ, ಒಬ್ಬರೇ ಹೋಗುತ್ತೀರಾ? ಪಕ್ಕದಲ್ಲಿ ಕೂರುವ ಅತಿಥಿ ಪತ್ರ ಓದಿಲ್ಲ. ಅವರ ಮಗುವಿಗೆ ಲೈಫ್ ಜಾಕೆಟ್ ಹಾಕಿಸಿದ್ದೀರಿ, ಒಳ್ಳೆಯದು. ಅದು ಕುಳಿತಿರುವುದೇ ಟ್ಯಾಂಕಿನ ಮೇಲಲ್ಲವೇ?

ನಾವೇ ಸರಿಮಾಡಿಕೊಂಡರೆ ಆಗದೇ ಎಂದು ನನಗೂ ಅನ್ನಿಸಿತ್ತು. ಒಂದು ಪೈಪ್, ಎರಡು ಕ್ಲಿಪ್, ಅರ್ಧ ಗಂಟೆಯ ಕೆಲಸ. ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಅದೇ ಅಳತೆಯ ಪೈಪ್ ಸಿಗುತ್ತದೆ. ಮೆಕ್ಯಾನಿಕ್ ತಲೆಯಾಡಿಸಿಬಿಟ್ಟ. ಒಳಗೆ ಎಂಜಿನ್ ಇರುವ ದೋಣಿಯ ಇಂಧನ ಪೈಪ್ ಬೆಂಕಿಯ ನಡುವೆಯೂ ಎರಡೂವರೆ ನಿಮಿಷ ತಾಳಿಕೊಳ್ಳಬೇಕೆಂದು ಪರೀಕ್ಷೆ ಮಾಡಿರುತ್ತಾರೆ. ಎರಡೂವರೆ ನಿಮಿಷ ಎಂದರೆ ನಂದಿಸುವ ಸಿಲಿಂಡರ್ ಹಿಡಿಯಲು, ಇಲ್ಲವೇ ಎಲ್ಲರನ್ನೂ ನೀರಿಗೆ ಇಳಿಸಲು ಸಿಗುವ ಸಮಯ. ಸ್ಟಾರ್ಟರ್, ಆಲ್ಟರ್ನೇಟರ್ ವಿಷಯವೂ ಹಾಗೆಯೇ. ನೋಡಲು ಕಾರಿನದ್ದರಂತೆಯೇ, ಕೂರುವುದೂ ಸರಿಯಾಗಿಯೇ ಕೂರುತ್ತದೆ. ಆದರೆ ದೋಣಿಯದ್ದರಲ್ಲಿ ಒಳಗಿನ ಕಿಡಿ ಹೊರಗಿನ ಆವಿಗೆ ಹೊತ್ತಿಕೊಳ್ಳದಂತೆ ಕಟ್ಟಿರುತ್ತಾರೆ, ಕಾರಿನದ್ದರಲ್ಲಿ ಆ ಉಸಾಬರಿಯೇ ಇಲ್ಲ. ಹಣ ಉಳಿಸಲು ಹೋಗಿ ಅಪಾಯವನ್ನು ಕೊಂಡು ತಂದು ಜೋಡಿಸಿದಂತೆ. ಅದೂ ಅಲ್ಲದೆ, ಕಂಪನಿಯೇ ಪುಕ್ಕಟೆ ಮಾಡಿಕೊಡಬೇಕಾದ ಕೆಲಸಕ್ಕೆ ಕೈಯಿಂದ ಖರ್ಚೇಕೆ?

ನಿಮ್ಮ ದೋಣಿಯ ಗತಿ ತಿಳಿಯಬೇಕಾದರೆ ಹಿಂಬದಿಗೆ ಹೋಗಿ. ಒಡಲನ್ನು ಹಿಂದೆ ಮುಚ್ಚುವ ಹಲಗೆಯ ಬಲಗಡೆ, ಮೇಲ್ಭಾಗದಲ್ಲಿ, ಒಡಲಿನ ಗುರುತು ಸಂಖ್ಯೆ ಕೊರೆದಿರುತ್ತದೆ. ಅಮೆರಿಕದ ಕ್ರಮದಲ್ಲಿ ಅದು 12 ಅಕ್ಷರ ಮತ್ತು ಅಂಕಿಗಳದ್ದು; ಬೇರೆ ಕಡೆಗಳಲ್ಲಿ ಅದಕ್ಕೂ ಮೊದಲು ದೇಶದ ಎರಡು ಅಕ್ಷರವೂ ಸೇರಿರುತ್ತದೆ. ಆ ಹನ್ನೆರಡರಲ್ಲಿ ಮೊದಲ ಮೂರು ತಯಾರಕರ ಗುರುತು, ಮುಂದಿನ ಐದು ಕ್ರಮಸಂಖ್ಯೆ. ಆಮೇಲೆ ಬರುವ ಅಕ್ಷರ ತಿಂಗಳು: ‘ಎ’ ಎಂದರೆ ಜನವರಿ, ‘ಎಲ್’ ಎಂದರೆ ಡಿಸೆಂಬರ್. ಅದರ ಪಕ್ಕದ ಅಂಕಿ ವರ್ಷದ ಕೊನೆಯ ಅಂಕಿ, ಕೊನೆಯ ಎರಡು ಮಾದರಿ ವರ್ಷ. ತಯಾರಾದ ವರ್ಷವೂ ಮಾದರಿ ವರ್ಷವೂ ಬೇರೆ ಇರಬಹುದು, ಎಡವುವುದು ಅಲ್ಲೇ. ರೀಕಾಲ್ ಸಾಮಾನ್ಯವಾಗಿ ಇಷ್ಟನೆಯ ಸಂಖ್ಯೆಯಿಂದ ಇಷ್ಟನೆಯ ಸಂಖ್ಯೆಯವರೆಗೆ ಎಂದಿರುತ್ತದೆ. ‘ಅದೇ ಬಣ್ಣ, ಅದೇ ಮಾಡೆಲ್’ ಎಂದು ಗಾಬರಿಯಾಗಲೂ ಬೇಡಿ, ನಿಶ್ಚಿಂತರಾಗಲೂ ಬೇಡಿ. ಫೋಟೊ ತೆಗೆದು ತಯಾರಕರಿಗೆ ಕಳುಹಿಸಿ ಮೂರೇ ಪ್ರಶ್ನೆ ಕೇಳಿ: ಈ ಸಂಖ್ಯೆಯ ಮೇಲೆ ಯಾವ ರೀಕಾಲ್ ಇದೆ, ದುರಸ್ತಿ ಆಗಿದೆಯೇ, ನನ್ನ ಹೆಸರು ವಿಳಾಸ ಬರೆದುಕೊಂಡಿರಾ. ಉತ್ತರ ಬರಹದಲ್ಲೇ ಇರಲಿ. ಫೋನಿನಲ್ಲಿ ನನಗೆ ಒಬ್ಬರು “ಏನೂ ಇಲ್ಲ” ಎಂದರು. ಬರಹದಲ್ಲಿ ಕೇಳಿದಾಗ ‘ಇದೆ’ ಎಂದು ಬಂತು.

ಎಂಜಿನ್ ಕಂಪನಿಗೆ ಬೇರೆಯೇ ಬರೆಯಬೇಕು. ಒಡಲು ಕಟ್ಟುವವರು ಒಬ್ಬರು, ಎಂಜಿನ್ ಮಾಡುವವರು ಇನ್ನೊಬ್ಬರು. ಇವರ ರೀಕಾಲ್ ಅವರ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಗಾಳಿ ತುಂಬಿಕೊಳ್ಳುವ ಲೈಫ್ ಜಾಕೆಟ್‌ಗಳಿಗೂ ರೀಕಾಲ್ ಬರುತ್ತದೆ. ದೋಣಿ ಎಳೆಯುವ ಟ್ರೈಲರ್ ಅಂತೂ ಕಾಗದಪತ್ರಗಳ ಲೋಕದಲ್ಲಿ ದೋಣಿಯ ನೆಂಟನೇ ಅಲ್ಲ, ಅದು ರಸ್ತೆ ವಾಹನ.

ಮುಂದಿನದ್ದು ಕಾಯುವಿಕೆ. ಡೀಲರ್ ಬಳಿ ಪೈಪ್ ಬಂದಿರಲಿಲ್ಲ. ಮುಂದಿನ ವಾರ ಎಂದರು, ಆ ವಾರವೂ ಅದನ್ನೇ ಎಂದರು. ದೋಣಿಯನ್ನು ಅಲ್ಲಿಯವರೆಗೆ ಸಾಗಿಸುವ ಖರ್ಚು ಯಾರದ್ದು ಎಂದು ಕೇಳಿದರೆ ನನ್ನ ಪ್ರಶ್ನೆಯೇ ಅಸಭ್ಯ ಎಂಬಂತೆ ನೋಡಿದರು. ಕೇಳಿ. ಸಂಕೋಚ ಬೇಡ. ನಾನು ಪತ್ರದ ಪ್ರತಿ ಲಗತ್ತಿಸಿ, ದಿನಾಂಕ ಹಾಕಿ, ಮೂರು ಸಲ ಬರೆದ ಮೇಲೆ ಮೆಕ್ಯಾನಿಕ್ಕನ್ನೇ ದೋಣಿ ಇದ್ದಲ್ಲಿಗೆ ಕಳುಹಿಸಿದರು. ಕೆಲಸ ಮುಗಿದ ಮೇಲೆ ಯಾವ ಭಾಗ, ಯಾವ ದಿನ ಬದಲಾಯಿತು ಎಂಬ ಚೀಟಿಯನ್ನೂ ಬರೆಸಿಕೊಂಡೆ. ದೋಣಿ ಮಾರುವ ದಿನ ಅದು ಲಂಗರಿನ ಜೊತೆ ಹೋಗುತ್ತದೆ.

ಇಷ್ಟೆಲ್ಲ ಬೈದರೂ ಒಂದು ಮಾತು ಕಂಪನಿಯ ಪರವಾಗಿ ಹೇಳಲೇಬೇಕು. ರೀಕಾಲ್ ಮಾಡಿದ ಕಂಪನಿಯನ್ನು ನಾವು ನೋಡುವ ರೀತಿ ಕೆಟ್ಟದ್ದು. “ಅಯ್ಯೋ, ಆ ದೋಣಿಯೇ? ಅದಕ್ಕೆ ರೀಕಾಲ್ ಆಗಿತ್ತಂತೆ” ಎಂದು ಮೂಗು ಮುರಿಯುತ್ತೇವೆ. ಯಾರೋ ಒಬ್ಬ ಎಂಜಿನಿಯರ್ ‘ಇದು ನಮ್ಮ ತಪ್ಪು’ ಎಂದು ಕಡತದಲ್ಲಿ ಬರೆದಿದ್ದಾನೆ. ಇನ್ನೊಬ್ಬರು ಅದಕ್ಕೆ ಸಹಿ ಹಾಕಿದ್ದಾರೆ. ನನಗೆ ಭಯ ಇರುವುದು ಒಂದೂ ರೀಕಾಲ್ ಇಲ್ಲದ ಕಂಪನಿಯ ಮೇಲೆ.

ಹೊಸ ಪೈಪ್ ಹಾಕಿದ ದಿನ ಹಳೆಯದನ್ನು ಕೇಳಿ ಪಡೆದುಕೊಂಡೆ. ಈಗ ನನ್ನ ಮೇಜಿನ ಮೇಲಿದೆ, ಈ ಕ್ಯಾಮೆರಾದ ಪಕ್ಕದಲ್ಲೇ. ಇಗೋ, ಈ ಗೀರು. ನನ್ನ ದೋಣಿಯ ಕ್ರಮಸಂಖ್ಯೆಗೆ ಒಂದು ಕಡಿಮೆ ಇರುವ ದೋಣಿಯೂ, ಒಂದು ಹೆಚ್ಚು ಇರುವ ದೋಣಿಯೂ ಅದೇ ಅಚ್ಚಿನಿಂದ, ಬಹುಶಃ ಅದೇ ವಾರ, ಅದೇ ಪಟ್ಟಿಗೆ ತಾಗುವ ಪೈಪ್ ಇಟ್ಟುಕೊಂಡು ಹೊರಗೆ ಬಂದಿರಬೇಕು. ಅವುಗಳ ಪತ್ರ ಯಾರ ಮನೆಯ ಯಾವ ಡ್ರಾಯರಿನಲ್ಲಿದೆಯೋ. ಅವು ಇವತ್ತು ನೀರಿನ ಮೇಲಿವೆಯೋ, ದಡದಲ್ಲಿವೆಯೋ.