ಎರಡನೇ ಕುರ್ಚಿಯಲ್ಲಿ 25 ಸೀಸನ್: ಬಡ್ ಫಾಸ್ಟರ್ ಬಗ್ಗೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ.

ನನಗೆ ಕೊಟ್ಟ ವಿಷಯ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್. ಇಲ್ಲಿರುವ ಎಷ್ಟೋ ಜನರ ಮಕ್ಕಳು ಅದಿರುವ ಬ್ಲ್ಯಾಕ್ಸ್‌ಬರ್ಗ್‌ನಲ್ಲೇ ಓದಿದವರು, ಆದ್ದರಿಂದ ಟಚ್‌ಡೌನ್ ಅಂದರೆ ಏನು ಅಂತ ಶುರು ಮಾಡುವುದಿಲ್ಲ. ಅಲ್ಲಿ ಆಡಿ ಹೆಸರು ಮಾಡಿದ ಮೈಕಲ್ ವಿಕ್ ಸುದ್ದಿಯೂ ಬೇಡ, ಅದನ್ನು ಎಲ್ಲರೂ ಹೇಳುತ್ತಾರೆ. ನಾನು ಹೇಳಬೇಕೆಂದಿರುವುದು ಬಡ್ ಫಾಸ್ಟರ್ ಬಗ್ಗೆ.

ಯಾಕೆ ಅಂದರೆ, ನಮ್ಮವರ ಯಾವ ಮನೆಗೆ ಊಟಕ್ಕೆ ಹೋದರೂ ಒಂದು ಪ್ರಶ್ನೆ ತಪ್ಪುವುದಿಲ್ಲ. "ಇನ್ನೂ ಮ್ಯಾನೇಜರ್ ಆಗಿಲ್ವಾ?" ಒಂದೇ ಕೆಲಸವನ್ನು ಹತ್ತು ವರ್ಷ ಚೆನ್ನಾಗಿ ಮಾಡಿದವರನ್ನು ಕಂಡರೆ ನಮಗೆ ಪಾಪ ಅನ್ನಿಸುತ್ತದೆ. ಫಾಸ್ಟರ್ 1995ರಿಂದ 2019ರವರೆಗೆ ಟೆಕ್ ತಂಡದ ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಆಟಗಾರರ ಗುಂಪನ್ನು, ಕೋಚ್ ಆಗಿ ನೋಡಿಕೊಂಡರು. ಹೆಡ್ ಕೋಚ್ ಆಗಲೇ ಇಲ್ಲ. ಅದರಲ್ಲಿ ಪಾಪ ಅನ್ನುವಂಥದ್ದು ಏನೂ ಇಲ್ಲ ಅನ್ನುವುದೇ ನನ್ನ ವಾದ. ಮಧ್ಯೆ ಮಧ್ಯೆ ಇದನ್ನೇ ಮತ್ತೆ ಹೇಳುತ್ತೇನೆ, ಬೈಕೋಬೇಡಿ.

ಕೆಂಟಕಿಯ ಮರ್ರೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡಿ, ಅಲ್ಲೇ ಫ್ರ್ಯಾಂಕ್ ಬೀಮರ್ ಕೈಕೆಳಗೆ ಕೋಚಿಂಗ್ ಕಲಿತು, 1987ರಲ್ಲಿ ಬೀಮರ್ ಹೆಡ್ ಕೋಚ್ ಆಗಿ ಟೆಕ್‌ಗೆ ಬಂದಾಗ ಫಾಸ್ಟರ್ ಕೂಡ ಜೊತೆಗೇ ಬಂದರು. ಮೊದಲು ಸುಖ ಇರಲಿಲ್ಲ. 1992ರಲ್ಲಿ ಗೆದ್ದಿದ್ದು ಬರೀ ಎರಡು ಪಂದ್ಯ. ಇವತ್ತಾಗಿದ್ದರೆ ಇಬ್ಬರನ್ನೂ ಮನೆಗೆ ಕಳಿಸುತ್ತಿದ್ದರು, ಅಲ್ವಾ?

1995ರಲ್ಲಿ ಇನ್ನೊಬ್ಬ ಕೋಚ್ ರಾಡ್ ಶಾರ್ಪ್‌ಲೆಸ್ ಜೊತೆ ಸೇರಿ ಫಾಸ್ಟರ್ ಡಿಫೆನ್ಸ್ ಜವಾಬ್ದಾರಿ ವಹಿಸಿಕೊಂಡರು. ಆ ವರ್ಷ ಮೊದಲ ಎರಡು ಪಂದ್ಯ ಸೋತರು, ಆಮೇಲೆ ಸೋಲಲೇ ಇಲ್ಲ. ಸೀಸನ್ ಕೊನೆಯ ದೊಡ್ಡ ಪಂದ್ಯವಾದ ಶುಗರ್ ಬೌಲ್‌ನಲ್ಲಿ ಟೆಕ್ಸಾಸ್ ಮೇಲೆ 28-10 ಗೆಲುವು. ಟೆಕ್ ಡಿಫೆನ್ಸ್‌ನ ಗುರುತಾದ ಪ್ರಸಿದ್ಧ ಬುತ್ತಿ ಡಬ್ಬಿ ಬಂದಿದ್ದೂ ಆಗಲೇ. ಶಾರ್ಪ್‌ಲೆಸ್ ಅವರ ಅತ್ತೆ ನ್ಯೂಜೆರ್ಸಿಯ ಮರ್ಸರ್‌ವಿಲ್‌ನಲ್ಲಿ ಒಬ್ಬ ಕಲ್ಲಿದ್ದಲು ಗಣಿ ಕೆಲಸಗಾರನಿಂದ ಅದನ್ನು ತಂದುಕೊಟ್ಟರು. ಹಳೇ ತಗಡಿನ ಡಬ್ಬಿ. ಅದರೊಳಗೆ ಡಿಫೆನ್ಸ್‌ನ ಗುರಿಗಳನ್ನು ಬರೆದು, ಆಟಗಾರರು ಸಹಿ ಹಾಕಿದ ಕಾಗದ. ಚೆನ್ನಾಗಿ ದುಡಿದವನ ಕೈಗೆ ಡಬ್ಬಿ. ಕೆಜಿಎಫ್ ಕಡೆಯವರು ಯಾರಾದರೂ ಇದ್ದರೆ ಅವರಿಗೆ ನಾನು ವಿವರಿಸಬೇಕಾಗಿಲ್ಲ, ಗಣಿಗೆ ಇಳಿಯುವವರ ಊಟದ ಡಬ್ಬಿಗೆ ಎಂಥ ಮರ್ಯಾದೆ ಅಂತ.

ಈಗ ನನ್ನ ಇಷ್ಟದ ವಿಷಯ, 2014. ಸೆಪ್ಟೆಂಬರ್ 6, ಕೊಲಂಬಸ್, ಒಹಾಯೊ ಸ್ಟೇಟ್ ವಿರುದ್ಧ. ಫಾಸ್ಟರ್ ಏನು ಮಾಡಿದರು ಅಂದರೆ, ಇದ್ದಬದ್ದವರನ್ನೆಲ್ಲ ಮುಂದಕ್ಕೆ ತಂದು, ಆಟ ಶುರುವಾಗುವ ಲೈನ್ ಹತ್ತಿರ ನಿಲ್ಲಿಸಿಬಿಟ್ಟರು. ಈ ಜೋಡಣೆಗೆ ಬೇರ್ ಫ್ರಂಟ್ ಅಂತಾರೆ. ಎಷ್ಟೋ ಸಲ ಹಿಂದೆ ಕಾಯಲು ಒಬ್ಬ ಸೇಫ್ಟಿಯೂ ಇಲ್ಲ, ಅಂಚಿನಲ್ಲಿ ಕಾಯುವ ಕಾರ್ನರ್‌ಬ್ಯಾಕ್‌ಗಳು ತಾವು ತಡೆಯಬೇಕಾದ, ಎಸೆದ ಬಾಲ್ ಹಿಡಿಯುವ ರಿಸೀವರ್ ಜೊತೆ ಒಂಟಿ. ಓಡೋಕೆ ದಾರಿ ಇಲ್ಲ, ತಾಕತ್ತಿದ್ದರೆ ಎಸೆ ಅಂತ ಸವಾಲು. ಎದುರಿಗೆ ಬಾಲ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಜೆ.ಟಿ. ಬ್ಯಾರೆಟ್, ಕಾಲೇಜು ಮಟ್ಟದಲ್ಲಿ ಅವನು ಮೊದಲಿಂದಲೇ ಆಡಲಿಳಿದ ಎರಡನೇ ಪಂದ್ಯ. ಏಳು ಸ್ಯಾಕ್, ಅಂದರೆ ಎಸೆಯುವ ಮೊದಲೇ ಕೆಡವಿದ್ದು; ಮೂರು ಇಂಟರ್‌ಸೆಪ್ಷನ್, ಅಂದರೆ ಎಸೆದ ಬಾಲನ್ನು ಟೆಕ್ ಹುಡುಗರೇ ಹಿಡಿದಿದ್ದು. ಕೊನೆಯದನ್ನು ಹಿಡಿದು ಸೀದಾ ಓಡಿ ಟಚ್‌ಡೌನ್. 35-21, ಟೆಕ್ ಗೆಲುವು. ಅದೇ ಒಹಾಯೊ ಸ್ಟೇಟ್ ಆ ವರ್ಷ ಆಮೇಲೆ ಒಂದೂ ಸೋಲದೆ ಕಾಲೇಜು ಫುಟ್‌ಬಾಲ್ ಪ್ಲೇಆಫ್ ಗೆದ್ದ ಮೊದಲ ರಾಷ್ಟ್ರೀಯ ಚಾಂಪಿಯನ್ ಆಯಿತು.

ತಾಳಿ, ಚಪ್ಪಾಳೆ ಈಗಲೇ ಬೇಡ. ಅದೇ ವರ್ಷ ನವೆಂಬರ್ 22, ವೇಕ್ ಫಾರೆಸ್ಟ್ ವಿರುದ್ಧ. ನಾಲ್ಕು ಕ್ವಾರ್ಟರ್ ಮುಗಿದಾಗ ಸ್ಕೋರ್ 0-0. ಬೀಮರ್ ಎರಡೂ ಕೈ ಮೇಲೆತ್ತಿ ಗೆದ್ದವರ ಹಾಗೆ ನಿಂತ ಆ ಚಿತ್ರ ನೋಡಿದ್ದೀರಲ್ಲ, ಇವತ್ತಿಗೂ ಜನ ಅದನ್ನು ಕಳಿಸಿಕೊಂಡು ನಗುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ. ಅರವತ್ತು ನಿಮಿಷ ಫಾಸ್ಟರ್ ಹುಡುಗರು ಒಂದು ಪಾಯಿಂಟ್ ಬಿಟ್ಟುಕೊಟ್ಟಿಲ್ಲ. ಒಂದು ಪಾಯಿಂಟ್! ಕಡೆಗೆ ಎರಡನೇ ಓವರ್‌ಟೈಮ್‌ನಲ್ಲಿ 6-3, ಸೋಲು. ಓವರ್‌ಟೈಮ್‌ನಲ್ಲಿ ಎದುರಾಳಿಗೆ ಬಾಲ್ ಸಿಗುವುದೇ 25 ಗಜದ ಗೆರೆಯಿಂದ. ಒಂದು ಗಜವೂ ಮುಂದೆ ಹೋಗದಿದ್ದರೂ ಮೂರು ಪಾಯಿಂಟ್‌ನ ಫೀಲ್ಡ್ ಗೋಲ್ ಒದೆಯುವಷ್ಟು ದೂರದಲ್ಲೇ ಇರುತ್ತಾನೆ. ಡಿಫೆನ್ಸ್ ಇನ್ನೇನು ಮಾಡಬೇಕಿತ್ತು ಹೇಳಿ. ಇದೇ ಈ ಕೆಲಸ. ಪೂರ್ತಿ ಸರಿಯಾಗಿ ಮಾಡಿದರೂ ಸೋತಿರಬಹುದು, ಮತ್ತು ಸೋಮವಾರ ಬೆಳಗ್ಗೆ ಅದೇ ಹುಡುಗರ ಮುಂದೆ ನಿಂತು ಟ್ಯಾಕಲ್ ಹೇಗೆ ಮಾಡಬೇಕು ಅಂತ ಮೊದಲಿಂದ ಹೇಳಿಕೊಡಬೇಕು. ಹೆಡ್ ಕೋಚ್ ಆಗದೇ ಇದ್ದಿದ್ದಕ್ಕೆ ಇವರನ್ನು ನೋಡಿ ಪಾಪ ಅನ್ನುವವರು ಈ ಪಂದ್ಯವನ್ನೊಮ್ಮೆ ನೋಡಲಿ.

ಓ, ಚೀಟಿ ಬಂತು. ಐದು ನಿಮಿಷವಂತೆ. ಇನ್ನೂ ಅರ್ಧವೂ ಆಗಿಲ್ಲ.

ಬೇಗ ಬೇಗ ಹೇಳುತ್ತೇನೆ. 2005, 2006 ಎರಡೂ ವರ್ಷ ಇಡೀ ದೇಶದಲ್ಲಿ ಅತಿ ಕಡಿಮೆ ಗಜ ಬಿಟ್ಟುಕೊಟ್ಟ ಡಿಫೆನ್ಸ್ ಟೆಕ್‌ನದು. 2006ರ ಬ್ರಾಯ್ಲ್ಸ್ ಪ್ರಶಸ್ತಿ ಫಾಸ್ಟರ್‌ಗೆ. ಅದು ಸಹಾಯಕ ಕೋಚ್‌ಗಳಿಗೆಂದೇ ಇರುವ ಪ್ರಶಸ್ತಿ, ಗಮನಿಸಿ. 2007ರ ಏಪ್ರಿಲ್ 16ರಂದು ಕ್ಯಾಂಪಸ್‌ನಲ್ಲಿ ನಡೆದ ಗುಂಡಿನ ದಾಳಿಯನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಆ ಸೀಸನ್‌ನಲ್ಲಿ ಡಬ್ಬಿಯೊಳಗೆ ತೀರಿಹೋದ 32 ಜನರ ಹೆಸರುಗಳಿದ್ದವು.

2015ರಲ್ಲಿ ಬೀಮರ್ ನಿವೃತ್ತರಾದರು. ಹೊಸ ಹೆಡ್ ಕೋಚ್ ಬಂದರೆ ಹಳೇ ಸಹಾಯಕರು ಗಂಟುಮೂಟೆ ಕಟ್ಟುವುದೇ ಜಾಸ್ತಿ. ಜಸ್ಟಿನ್ ಫ್ಯೂಯೆಂಟೆ ಬಂದರು, ಫಾಸ್ಟರ್ ಉಳಿದರು. ಮತ್ತೆ ಅದೇ ಮಾತು ಹೇಳಲಾ? ಬೇಡ, ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ.

2019ರಲ್ಲಿ ಕೊನೆಯ ಸೀಸನ್. ಬ್ಲ್ಯಾಕ್ಸ್‌ಬರ್ಗ್‌ನ ಕೊನೆಯ ಪಂದ್ಯದಲ್ಲಿ ಪಿಟ್ಸ್‌ಬರ್ಗ್‌ಗೆ ಸೊನ್ನೆ, 28-0. ಸಿನಿಮಾ ಆಗಿದ್ದರೆ ಅಲ್ಲಿಗೆ ಮುಗಿಸುತ್ತಿದ್ದರು. ಆದರೆ ಮುಂದಿನ ವಾರವೇ ಅದೇ ರಾಜ್ಯದ ಇನ್ನೊಂದು ತಂಡ, ವರ್ಜೀನಿಯಾ ವಿಶ್ವವಿದ್ಯಾಲಯದ ವಿರುದ್ಧ 39-30 ಸೋಲು, ಅವರ ಮೇಲೆ ಸತತ 15 ವರ್ಷ ಗೆದ್ದ ಲೆಕ್ಕ ಮುರಿಯಿತು. ಡಿಸೆಂಬರ್ 31ಕ್ಕೆ ಬೆಲ್ಕ್ ಬೌಲ್‌ನಲ್ಲಿ ಕೆಂಟಕಿ ಮೇಲೂ 37-30 ಸೋಲು, ಅದೂ ಕೊನೆಯ ಕ್ಷಣಗಳಲ್ಲಿ ಬಿಟ್ಟುಕೊಟ್ಟ ಟಚ್‌ಡೌನ್‌ನಿಂದ.

ಕ್ವಾರ್ಟರ್‌ಬ್ಯಾಕ್ ಆಗಿ ಬಂದ ಕ್ಯಾಮ್ ಚಾನ್ಸಲರ್ ಅಲ್ಲಿ ಡಿಫೆನ್ಸ್‌ಗೆ ಹೇಗೆ ಬಂದ ಅನ್ನುವುದು, ಫಾಸ್ಟರ್ ಡಿಫೆನ್ಸ್‌ನಲ್ಲಿದ್ದ ವಿಪ್ ಮತ್ತು ರೋವರ್ ಅನ್ನುವ ಎರಡು ಜಾಗಗಳು, ಎರಡೂ ವಿಷಯ ಹೇಳದೆ ಉಳಿದವು. ಅಡುಗೆ ರೆಡಿ ಅಂತ ಸನ್ನೆ ಮಾಡುತ್ತಿದ್ದಾರೆ. ಬೇಕಿದ್ದವರು ಊಟದ ಸಾಲಿನಲ್ಲಿ ನನ್ನ ಹಿಂದೆ ನಿಲ್ಲಿ.