ಹೆಸರಿಲ್ಲದ ಮ್ಯಾಮಿ

ಕೇಳುಗರೆಲ್ರಿಗೂ ನಮಸ್ಕಾರ. ಇವತ್ತು ಒಬ್ಬ ನಟಿ ಬಗ್ಗೆ ಮಾತಾಡ್ಬೇಕು, ಅಮೆರಿಕದ ಹ್ಯಾಟಿ ಮ್ಯಾಕ್‌ಡೇನಿಯಲ್. 1939ರಲ್ಲಿ ಬಂದ ಗಾನ್ ವಿತ್ ದಿ ವಿಂಡ್ ಸಿನಿಮಾದಲ್ಲಿ ಗುಲಾಮಗಿರಿ ಕಾಲದ ಮನೆಕೆಲಸದ ಹೆಂಗಸಿನ ಪಾತ್ರ ಮಾಡಿದವ್ರು.

ಆ ಪಾತ್ರನ ಎಲ್ರೂ ಕರೆಯೋದು ಮ್ಯಾಮಿ ಅಂತ. ಅದು ಹೆಸರೇ ಅಲ್ಲ, ಬಿಳಿಯರ ಮಕ್ಕಳನ್ನ ಸಾಕೋ ಕಪ್ಪು ಹೆಂಗಸರನ್ನೆಲ್ಲಾ ಹಾಗೇ ಕರೀತಿದ್ರು. ಯಜಮಾನರ ಮಗಳ ಸೊಂಟ ಸಣ್ಣ ಕಾಣ್ಲಿ ಅಂತ ಕಾರ್ಸೆಟ್ ಅನ್ನೋ ಬಿಗಿ ಒಳಉಡುಪಿನ ದಾರ ಎಳೆದು ಬಿಗೀತಾಳೆ, ಪಾರ್ಟಿಗೆ ಹೋಗೋಕ್ ಮುಂಚೆ ಹೊಟ್ಟೆಗೆ ಏನಾದ್ರೂ ಹಾಕ್ಕೋ ಅಂತ ಗದರ್ತಾಳೆ. ಆದ್ರೆ ಇವಳಿಗೆ ಗಂಡ ಇದ್ನಾ, ಮಕ್ಕಳಿದ್ವಾ, ಇದ್ರೆ ಅವ್ರನ್ನ ಯಾರಿಗಾದ್ರೂ ಮಾರಿಬಿಟ್ರಾ, ಸಿನಿಮಾ ಕೇಳೋದೇ ಇಲ್ಲ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಮಧ್ಯೆ ನಡೆದ ಯುದ್ಧ ಮುಗಿದು ಗುಲಾಮಗಿರಿ ಹೋದ್ಮೇಲೂ ಅದೇ ಮನೆಯವ್ರ ಸೇವೆ ಮಾಡ್ಕೊಂಡೇ ಇರ್ತಾಳೆ. ನಂಗೆ ಸಂಕಟ ಆಗೋದು ಇಲ್ಲೇ, ಯಾಕಂದ್ರೆ ನೋಡೋಕೆ ಇದು ಪ್ರೀತಿ ಥರ ಕಾಣುತ್ತೆ, ದಪ್ಪ ಮೈ, ತಲೆಗೆ ಬಟ್ಟೆ, ಬಾಯಿ ಜೋರು ಮನಸ್ಸು ಬೆಣ್ಣೆ, ಇಂಥವಳನ್ನ ತೋರಿಸಿಬಿಟ್ರೆ ಆ ಕಾಲ ಅಷ್ಟೇನೂ ಕೆಟ್ಟದಾಗಿರ್ಲಿಲ್ಲ ಬಿಡಿ ಅಂತ ನೋಡೋರು ನೆಮ್ಮದಿಯಾಗಿ ಮನೆಗೆ ಹೋಗ್ಬೋದು.

ಹ್ಯಾಟಿ ಅವ್ರ ಅಪ್ಪ ಗುಲಾಮರಾಗಿ ಹುಟ್ಟಿದವ್ರು, ಆಮೇಲೆ ಉತ್ತರದವ್ರ ಸೈನ್ಯ ಸೇರಿ ಅದೇ ಯುದ್ಧದಲ್ಲಿ ಹೋರಾಡಿದವ್ರು. ಅವ್ರ ಮಗಳಿಗೆ ಸಿಕ್ಕಿದ್ದು ಈ ಪಾತ್ರ!

ಸಿನಿಮಾದ ಮೊದಲ ಪ್ರದರ್ಶನ ಅಟ್ಲಾಂಟಾದಲ್ಲಿ ನಡೀತು, ಕಪ್ಪು ಜನ ಬಿಳಿಯರ ಜೊತೆ ಕೂರಂಗಿಲ್ಲ ಅನ್ನೋ ಕಾನೂನು ಇದ್ದಿದ್ರಿಂದ ಹ್ಯಾಟಿ ಹೋಗ್ಲೇ ಇಲ್ಲ. 1940ರ ಫೆಬ್ರವರಿ 29ಕ್ಕೆ ಆಸ್ಕರ್ ಬಂತು, ಅದನ್ನ ಗೆದ್ದ ಮೊದಲ ಕಪ್ಪು ಕಲಾವಿದೆ. ಸಮಾರಂಭ ಇದ್ದ ಹೋಟೆಲ್ಲಿಗೆ ಕಪ್ಪು ಜನರನ್ನ ಬಿಡ್ತಾನೇ ಇರ್ಲಿಲ್ಲ, ನಿರ್ಮಾಪಕರು ಕೇಳ್ಕೊಂಡು ಒಳಗೆ ಬಿಡಿಸಿದ್ರು. ಚಿತ್ರತಂಡದವ್ರೆಲ್ಲಾ ಒಂದು ಕಡೆ, ಹ್ಯಾಟಿ ದೂರದ ಗೋಡೆ ಪಕ್ಕದ ಸಣ್ಣ ಟೇಬಲ್ಲಲ್ಲಿ. ಅಲ್ಲಿಂದಲೇ ಎದ್ದು ನಡ್ಕೊಂಡು ಬಂದು ಪ್ರಶಸ್ತಿ ತಗೊಂಡ್ರು.

ಇಂಥ ಪಾತ್ರ ಯಾಕೆ ಮಾಡ್ತೀರಿ ಅಂತ ಕಪ್ಪು ಜನರ ಹಕ್ಕಿಗೆ ಹೋರಾಡ್ತಿದ್ದವ್ರೇ ಅವ್ರನ್ನ ಟೀಕಿಸಿದ್ರು. ಆ ಸಿಟ್ಟಲ್ಲಿ ನ್ಯಾಯ ಇತ್ತು, ನಾನು ಇಲ್ಲ ಅನ್ನಲ್ಲ. ಆದ್ರೆ ಹ್ಯಾಟಿಗೆ ಬೇರೆ ಪಾತ್ರ ಕೊಡೋರು ಯಾರಿದ್ರು? ಆಸ್ಕರ್ ಗೆದ್ಮೇಲೂ ಬಂದಿದ್ದು ಮತ್ತೆ ಅದೇ ಕೆಲಸದವಳ ಪಾತ್ರಗಳೇ. ಇನ್ನೊಬ್ಬ ಕಪ್ಪು ನಟಿಗೆ ಆಸ್ಕರ್ ಸಿಗೋಕೆ 1991 ಬರ್ಬೇಕಾಯ್ತು, ವೂಪಿ ಗೋಲ್ಡ್‌ಬರ್ಗ್ ಅವ್ರಿಗೆ.

1952ರಲ್ಲಿ ಹ್ಯಾಟಿ ತೀರ್ಕೊಂಡ್ರು. ನನ್ನನ್ನ ಹಾಲಿವುಡ್ ಸ್ಮಶಾನದಲ್ಲೇ ಮಣ್ಣು ಮಾಡಿ ಅಂತ ಮೊದಲೇ ಬರೆದಿಟ್ಟಿದ್ರು. ಕಪ್ಪು ಜನಕ್ಕೆ ಇಲ್ಲಿ ಜಾಗ ಇಲ್ಲ ಅಂದುಬಿಟ್ರು.